ಕಡಿಮೆ ಬರೆದ ಮೂರು ವರ್ಷ

ಜೂನ್ ಒಂದು, ಬೆಳಿಗ್ಗೆ ಏಳೂ ಇಪ್ಪತ್ತು. ರಾಯಚೂರು.

ನಿನ್ನೆ ಸಂಜೆ ಬಸ್ ಸ್ಟ್ಯಾಂಡಿನ ಎದುರು ಒಬ್ಬಾಕೆ ಮಜ್ಜಿಗೆ ಪ್ಯಾಕೆಟ್ ಮಾರುತ್ತಿದ್ದಳು. ಪ್ಯಾಕೆಟ್ಟುಗಳನ್ನು ಇಟ್ಟಿದ್ದು ಒಂದು ನೀಲಿ ಡಬ್ಬಿಯಲ್ಲಿ. ದಪ್ಪ ಗೋಡೆ, ಬಿಗಿ ಮುಚ್ಚಳ, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಲಸಿಕೆ ಒಯ್ಯುವ ಡಬ್ಬಿ ಅದು. ಯಾವ ಗುಜರಿಯಿಂದ ಅವಳ ಕೈಗೆ ಬಂತೋ ಗೊತ್ತಿಲ್ಲ. ಅವಳು ಮುಚ್ಚಳ ತೆಗೆದಾಗ ತಣ್ಣನೆಯ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂತು. "ಎಷ್ಟು ಕೊಡ್ಲಿ?" ಎಂದು ಎರಡು ಸಲ ಕೇಳಿದಳಂತೆ. ನನಗೆ ಕೇಳಿಸಿದ್ದು ಎರಡನೆಯದು ಮಾತ್ರ. ಎರಡು ಪ್ಯಾಕೆಟ್ ಕೊಂಡೆ. ಕುಡಿಯಲಿಲ್ಲ. ಮನೆಗೆ ಬಂದು ಹಳೆಯ ಡೈರಿ ತೆಗೆದೆ.

ಆ ಡಬ್ಬಿ ನೆನಪಿಗೆ ತಂದದ್ದು ಟಂಟಂ ಮಾಮನನ್ನು.

ಅವರು ನನ್ನ ಸೋದರಮಾವನಲ್ಲ, ದೂರದ ನೆಂಟರೂ ಅಲ್ಲ. ಇಪ್ಪತ್ತೊಂದರ ಮಾರ್ಚ್‌ನಲ್ಲಿ ನಾನು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದೆ. ಮೂರು ತಿಂಗಳಿಗೆಂದು ಹೋದವಳು ವರ್ಷ ಪೂರ್ತಿ ಉಳಿದೆ. ಕೊರೊನಾ ಲಸಿಕೆಗೆ ಬಂದವರ ಆಧಾರ್ ಸಂಖ್ಯೆ, ಹುಟ್ಟಿದ ಇಸವಿ, ಮೊಬೈಲ್ ನಂಬರ್ ಒತ್ತುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ದೇವದುರ್ಗದಿಂದ ಲಸಿಕೆಯ ಡಬ್ಬಿಯನ್ನು ತಮ್ಮ ಮೂರು ಗಾಲಿಯ ಟಂಟಂನಲ್ಲಿ ತರುವುದು ಅವರ ಕೆಲಸ. ಕೇಂದ್ರದ ಜೀಪು ಕೆಟ್ಟು ಬೇವಿನ ಮರದ ಕೆಳಗೆ ನಿಂತು ಎಷ್ಟು ಕಾಲವಾಗಿತ್ತೆಂದರೆ ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು.

ನಾನು ಆಗಲೂ ಎಲ್ಲವನ್ನೂ ಬರೆದಿಡುತ್ತಿದ್ದೆ. ಡಬ್ಬಿ ಬಂದ ಹೊತ್ತು, ತೆರೆದ ಸೀಸೆ, ಕೊಟ್ಟ ಡೋಸ್, ಉಳಿದ ಡೋಸ್. ಕೇಂದ್ರದ ರಿಜಿಸ್ಟರ್ ಬೇರೆ, ನನ್ನ ಡೈರಿ ಬೇರೆ. ಮಾಮ ಅದನ್ನು ಮೊದಲ ವಾರದಲ್ಲೇ ಗಮನಿಸಿದರು. ಅಂದಿನಿಂದ ನಾನು ಅವರಿಗೆ ಲೆಕ್ಕದಾಕಿ.

"ಯವ್ವಾ ಲೆಕ್ಕದಾಕಿ, ಬರಕೋ. ಎಂಟೂ ಹತ್ತಕ್ಕ ಬಂದೀನಿ. ಒಂದು ನಿಮಿಷ ಆಚೀಚಿ ಮಾಡಬ್ಯಾಡ ನೋಡು."

ಏಪ್ರಿಲ್ ಬಿಸಿಲು ಅಂದರೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಾಮ ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಡಬ್ಬಿಗೆ ಸುತ್ತುತ್ತಿದ್ದರು. ತಮ್ಮ ಪಕ್ಕದ ನೆರಳಿನ ಜಾಗ ಡಬ್ಬಿಗೆ, ಬಿಸಿಲು ಬೀಳುವ ಕಡೆ ತಾವು. ದಾರಿಯಲ್ಲಿ ಕೈ ತೋರಿಸಿದವರನ್ನು ಹಿಂದೆ ಹತ್ತಿಸಿಕೊಳ್ಳುತ್ತಿದ್ದರು, ಆದರೆ ಎಚ್ಚರಿಕೆ ಹೇಳಿಯೇ: "ಮೆಲ್ಲಕ ಹತ್ರಿ, ಕೂಸು ಮಲಗೇದ." ಹೊಸಬರು ನಿಜವಾಗಿಯೂ ಕೂಸೆಂದುಕೊಂಡು ಇಣುಕಿ ನೋಡುತ್ತಿದ್ದರು. ಎರಡು ತಿಂಗಳಲ್ಲಿ ಅವರು ತಂದ ಡಬ್ಬಿಯಲ್ಲಿ ಒಂದು ಸೀಸೆಯೂ ಕೆಟ್ಟಿರಲಿಲ್ಲ. ಡೈರಿಯಲ್ಲಿದೆ.

ಆ ಡಬ್ಬಿಯಿಂದ ಒಂದು ಡೋಸೂ ಅವರಿಗೆ ಸಿಗಲಿಲ್ಲ.

ಮೊದಲು ಕೊಟ್ಟಿದ್ದು ಆರೋಗ್ಯ ಸಿಬ್ಬಂದಿಗೆ. ಅದಕ್ಕೆ ಪಟ್ಟಿ ಹೋಗಿತ್ತು. ಡಾಕ್ಟರು, ನರ್ಸಮ್ಮ, ಆಶಾ ಕಾರ್ಯಕರ್ತೆಯರು, ಕಸ ಗುಡಿಸುವಾಕೆ, ಎಲ್ಲರೂ ಇದ್ದರು. ಮಾಮ ಇರಲಿಲ್ಲ. ಅವರದು ಬಾಡಿಗೆಯ ಗಾಡಿ. ರಿಜಿಸ್ಟರಿನಲ್ಲಿ ಗಾಡಿಯ ನಂಬರ್ ಬರೆಯಲು ಒಂದು ಕಾಲಂ ಇತ್ತು, ಓಡಿಸುವವನ ಹೆಸರಿಗೆ ಇರಲಿಲ್ಲ. ಎರಡು ತಿಂಗಳಲ್ಲಿ ಅವರ ಗಾಡಿ ನಂಬರನ್ನು ನಾನು ನಲವತ್ತಾರು ಸಲ ಬರೆದಿದ್ದೇನೆ. ಹೆಸರನ್ನು ಒಂದು ಸಲವೂ ಬರೆದಿಲ್ಲ.

ಏಪ್ರಿಲ್ ಒಂದರಿಂದ ನಲವತ್ತೈದು ದಾಟಿದವರಿಗೆಲ್ಲ ಎಂದಾಯಿತು. ಲೆಕ್ಕ ಮುಂದಿನ ಜನವರಿಗೆ, ಅಂದರೆ ಎಪ್ಪತ್ತೇಳನೇ ಇಸವಿಯ ಜನವರಿಗೆ ಮೊದಲು ಹುಟ್ಟಿದವರಾಗಿರಬೇಕು. ಮಾಮನ ಆಧಾರ್‌ನಲ್ಲಿ ಇದ್ದದ್ದು ಎಪ್ಪತ್ತೇಳರ ಜೂನ್ ಒಂದು. ಐದು ತಿಂಗಳು ತಡ.

ಆ ಜೂನ್ ಒಂದು ಸುಳ್ಳು ಎಂದು ಕೇಂದ್ರದ ಗೋಡೆಗೂ ಗೊತ್ತಿತ್ತು. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೆ ಹುಟ್ಟಿದೆ. ಶಾಲೆ ಶುರುವಾಗುವ ದಿನ ಅದು. ಹೆಡ್ ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಸಿಗುತ್ತದೆಯೇ ನೋಡಿ, ಸಿಕ್ಕರೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಮಾಮನ ಊರು ಮಾನ್ವಿ ತಾಲ್ಲೂಕಿನಲ್ಲಿ ಕಲ್ಲೂರಿನ ಆಚೆ ಒಂದು ಸಣ್ಣ ಹಳ್ಳಿ. ಆಡು ಕಾಯುತ್ತಿದ್ದವರನ್ನು ಶಾಲೆಗೆ ಹಾಕಿದಾಗ ಅವರಿಗೆ ಒಂಬತ್ತು ವರ್ಷ. ಮಾಸ್ತರರು ಆರು ಎಂದು ಬರೆದರು.

"ಕೈ ಕಿವಿ ದಾಟಿ ಗಲ್ಲಕ್ಕ ಬಂದಿತ್ತವ್ವಾ," ಎಂದು ಮಾಮ ತಮ್ಮ ಗಲ್ಲ ಮುಟ್ಟಿ ತೋರಿಸಿದ್ದರು. "ಮಾಸ್ತರ್ ನಮ್ಮಪ್ಪಗ ಅಂದ್ರು, ಮೂರು ವರ್ಷ ಕಡಿಮಿ ಬರದೀನಿ, ಮುಂದ ಸರ್ಕಾರಿ ನೌಕ್ರಿಗೆ ಅನುಕೂಲ ಆಗ್ತದ ಅಂತ. ನಮ್ಮಪ್ಪ ಖುಷಿಯಾಗಿ ಅವರ ಮನಿಗೆ ಒಂದು ಚೀಲ ಶೇಂಗಾ ಕೊಟ್ಟು ಬಂದ."

"ನೌಕ್ರಿ?"

"ಮಾಡಾಕತ್ತೀನಲ್ಲ. ಸರ್ಕಾರದ ಕೂಸು ಹೊರಾಕತ್ತೀನಿ."

ಒಂದು ಸೀಸೆಯಲ್ಲಿ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಇಲ್ಲದಿದ್ದರೆ ಎಸೆಯಬೇಕು. ಏಪ್ರಿಲ್‌ನಲ್ಲಿ ನಮ್ಮ ಹಳ್ಳಿಗಳ ಜನ ಲಸಿಕೆಗೆ ಹೆದರಿ ಹೊಲ ಸೇರುತ್ತಿದ್ದರು. ಏಳು ಜನ ಬಂದ ದಿನ ಮೂರು ಡೋಸ್ ಕಸಕ್ಕೆ.

ಏಪ್ರಿಲ್ ಒಂಬತ್ತರಂದು ಹಾಗೇ ಆಯಿತು. ಮಾಮ ಖಾಲಿ ಡಬ್ಬಿಗಾಗಿ ಬಾಗಿಲಲ್ಲಿ ನಿಂತು, "ಉಳದಿದ್ರ ನನಗೊಂದು ಹಾಕ್ರಲ್ಲ" ಎಂದರು. ನರ್ಸಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಮೂರು ಉಳದಾವು ಸರ್. ಇವರಿಗೊಂದು ಹಾಕಲೇನ್ರಿ?" ಎಂದು ಡಾಕ್ಟರನ್ನು ಕೇಳಿದರು.

ಡಾಕ್ಟರು ಕೆಟ್ಟವರಲ್ಲ. ಅದನ್ನೂ ಬರೆಯಬೇಕು. ಆದರೆ ಅವರು ಅಂದದ್ದು ಇದು: "ಅರ್ಹತೆ ಇಲ್ಲದವರಿಗೆ ಹಾಕಿದ್ರ ನಾಳೆ ನೋಟಿಸ್ ನನಗ ಬರ್ತದ."

"ಚೆಲ್ಲಿದ್ರ ನೋಟಿಸ್ ಬರಂಗಿಲ್ಲೇನ್ರಿ ಸಾಹೇಬ್ರ?" ಎಂದರು ಮಾಮ. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು.

ಚೆಲ್ಲಿದ್ದಕ್ಕೆ ನೋಟಿಸ್ ಬರುವುದಿಲ್ಲ, ಅದಕ್ಕೊಂದು ಕಾಲಂ ಇತ್ತು. ನಾನು ಆ ಕಾಲಂನಲ್ಲಿ ಮೂರು ಎಂದು ಬರೆದೆ.

ಮುಂದಿನ ವಾರ ಮಾಮನ ತಂಗಿ ಮಾನ್ವಿಯಿಂದ ಬಂದರು. ಅಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು. ಶಾಲೆಯ ಮುಖ ಕಂಡವರಲ್ಲ, ಹಾಗಾಗಿ ಅವರಿಗೆ ಜೂನ್ ಒಂದೂ ಇಲ್ಲ. ಆಧಾರ್ ಮಾಡುವವನು ಮುಖ ನೋಡಿ ಎಪ್ಪತ್ತಾರರ ಜನವರಿ ಒಂದು ಎಂದು ಒತ್ತಿದ್ದ. ಅಣ್ಣನೇ ಟಂಟಂನಲ್ಲಿ ಕೂರಿಸಿಕೊಂಡು ಬಂದು ಸಾಲಿನಲ್ಲಿ ನಿಲ್ಲಿಸಿದರು. ಲಸಿಕೆ ಹಾಕಿಸಿಕೊಂಡು ಹೊರಬಂದ ತಂಗಿ ತೋಳು ಒತ್ತಿಕೊಳ್ಳುತ್ತ, "ಅಣ್ಣಾ, ಇವತ್ತಿಂದ ನನಗ ಅಕ್ಕಾ ಅನ್ನು. ನಿನಗಿಂತ ಒಂದೂವರಿ ವರ್ಷ ದೊಡ್ಡಾಕಿ ನಾ," ಎಂದರು.

"ಹೌದೇನಕ್ಕಾ? ಹಂಗಾದ್ರ ಸಣ್ಣಾಕಿ ಇದ್ದಾಗ ನಿನ್ನ ಹೆಗಲ ಮ್ಯಾಲೆ ಹೊತ್ತು ತಿರುಗಿದಾಂವ ಯಾರು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ ಅನ್ನಿಸಿತು... ಅಷ್ಟು ಹೊತ್ತಿಗೆ ಅವರು ತಂಗಿಯನ್ನು ಕೂರಿಸಿಕೊಂಡು ಹೊರಟಿದ್ದರು.

ಏಪ್ರಿಲ್ ಇಪ್ಪತ್ತೇಳು, ಮಂಗಳವಾರ, ಮಧ್ಯಾಹ್ನ ಮೂರೂ ನಲವತ್ತು. ಈ ಪುಟವನ್ನು ನಾನು ಹೆಚ್ಚು ತೆಗೆಯುವುದಿಲ್ಲ. ಅಂದು ರಾತ್ರಿಯಿಂದ ಎಲ್ಲ ಬಂದ್ ಎಂದು ಹೇಳಿದ್ದರಿಂದ ಜನ ಸಾಮಾನು ತರಲು ಓಡಿದ್ದರು. ಬಂದವರು ನಾಲ್ವರು. ಆರು ಡೋಸ್ ಉಳಿದಿತ್ತು. ಡಾಕ್ಟರು ಮೀಟಿಂಗಿಗೆ ದೇವದುರ್ಗಕ್ಕೆ ಹೋಗಿದ್ದರು. ಕೋಣೆಯಲ್ಲಿ ನರ್ಸಮ್ಮ, ಮಾಮ, ನಾನು.

"ಸಿಸ್ಟರ್, ಇವತ್ತರ ಒಂದು ಹಾಕ್ತೀರೇನ್ರಿ?" ಎಂದರು ಮಾಮ. "ದಿನಾ ಹತ್ತು ಮಂದಿ ಹಿಂದ ಕುಂತು ಕೆಮ್ಮತಾರ. ನನಗೂ ಸ್ವಲ್ಪ ಅಂಜಿಕಿ ಬರಾಕತ್ತೇದ."

ಅವರ ಬಾಯಲ್ಲಿ ಅಂಜಿಕೆ ಎಂಬ ಮಾತನ್ನು ಕೇಳಿದ್ದು ಅದೇ ಮೊದಲು.

ನರ್ಸಮ್ಮ ಸೂಜಿ ತೆಗೆದೇಬಿಟ್ಟರು. ನನ್ನ ಕಡೆ ತಿರುಗಿ, "ಇಸವಿ ಒತ್ತಾಕಿ ನೀನಽ ಅದೀಯಲ್ಲ. ಎಪ್ಪತ್ನಾಕು ಅಂತ ಒತ್ತು. ಖರೇ ವಯಸ್ಸು ಅದೇ ಅದ. ಸುಳ್ಳೇನಲ್ಲ," ಎಂದರು.

ಮಾಮ ಅಂಗಿಯ ತೋಳು ಮಡಚಿ ಸ್ಟೂಲಿನ ಮೇಲೆ ಕುಳಿತಿದ್ದರು. ಒಂದು ತೋಳು ಬಿಸಿಲಿಗೆ ಸುಟ್ಟ ಕಪ್ಪು, ಮಡಚಿದ ಜಾಗದಿಂದ ಮೇಲೆ ಬೇರೆ ಬಣ್ಣ.

ನಾನು ಅವರ ಆಧಾರ್ ಕಾರ್ಡ್ ಹಿಡಿದುಕೊಂಡಿದ್ದೆ. ಅದರಲ್ಲಿ ಎಪ್ಪತ್ತೇಳು ಎಂದಿತ್ತು. "ಕಾರ್ಡಿನಾಗ ಹಂಗಿಲ್ಲರೀ ನರ್ಸಮ್ಮ," ಎಂದೆ. "ನಾಳೆ ತಾಳೆ ನೋಡಿದ್ರ?"

ಮಾಮ ತೋಳು ಇಳಿಸಿ ಗುಂಡಿ ಹಾಕಿಕೊಂಡರು.

"ಹೋಗ್ಲಿ ಬಿಡವ್ವಾ. ನಿನ್ನ ಲೆಕ್ಕ ತಪ್ಪಬಾರ್ದು."

ಆರು ಎಂದು ಬರೆದೆ. ಲೆಕ್ಕ ತಪ್ಪಲಿಲ್ಲ.

ಮೇ ತಿಂಗಳಲ್ಲಿ ಹದಿನೆಂಟು ದಾಟಿದವರೂ ಮೊಬೈಲಿನಲ್ಲಿ ಸರದಿ ಕಾಯ್ದಿರಿಸಬಹುದು ಎಂದಾಯಿತು. ಮಾಮನ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. "ನಿನ್ನ ಫೋನಿನಾಗ ನೋಡವ್ವಾ" ಎಂದು ಲಸಿಕೆಯನ್ನು ಮೂರನೇ ಸಲ ಕೇಳಿದರು. ಊರಿನ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ ನೆಟ್‌ವರ್ಕ್ ಬರುತ್ತಿತ್ತು. ನಾಲ್ಕು ದಿನದಲ್ಲಿ ಹನ್ನೊಂದು ಸಲ ಹತ್ತಿದೆ. ರಾಯಚೂರಿನ ಒಂದು ಕೇಂದ್ರದ ಹೆಸರು ಬರುತ್ತಿತ್ತು. ಮಾಮನ ಫೋನಿಗೆ ಬಂದ ಒಟಿಪಿ ಅಂಕಿಯನ್ನು ಅವರು ಕೆಳಗಿನಿಂದ ಕೂಗಿ ಹೇಳಿ, ನಾನು ಒತ್ತುವುದರೊಳಗೆ ಜಾಗ ಹೋಗಿರುತ್ತಿತ್ತು. ಪಟ್ಟಣದಲ್ಲಿ ತಂಪಾದ ಕೋಣೆಯಲ್ಲಿ ಕುಳಿತವರ ಬೆರಳಿನ ಜೊತೆ ಒಬ್ಬ ಟಂಟಂ ಓಡಿಸುವವನನ್ನು ಓಟಕ್ಕೆ ಬಿಟ್ಟವರು ಯಾರು? ಈ ಪ್ರಶ್ನೆಯನ್ನು ಅಂದೂ ಬರೆದಿದ್ದೇನೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಐದನೆಯ ದಿನ ಅದೂ ನಿಂತಿತು. ಲಸಿಕೆ ಸಾಲದು, ಎರಡನೇ ಡೋಸಿನವರಿಗೆ ಮೊದಲು ಎಂದರು.

ಅದರ ಮರುದಿನ ಡಬ್ಬಿ ಎಂಟೂ ಹತ್ತಕ್ಕೆ ಬರಲಿಲ್ಲ. ಒಂಬತ್ತೂವರೆಗೆ ಬೇರೆ ಗಾಡಿಯಲ್ಲಿ ಬಂತು. ಗೋಣಿತಟ್ಟು ಇರಲಿಲ್ಲ.

ಮಾಮನನ್ನು ಮೊದಲು ದೇವದುರ್ಗಕ್ಕೆ, ಅಲ್ಲಿಂದ ಆಮ್ಲಜನಕಕ್ಕಾಗಿ ರಾಯಚೂರಿಗೆ ಒಯ್ದರು. ಮೇ ಇಪ್ಪತ್ತಾರು, ಬುಧವಾರ, ಅವರ ತಂಗಿ ಫೋನ್ ಮಾಡಿದರು. "ಅಣ್ಣ ಹೋದ" ಎಂದರು. ಆಮೇಲೆ, "ಆಸ್ಪತ್ರಿ ಚೀಟಿಯಾಗ ವಯಸ್ಸು ನಲವತ್ಮೂರು ಅಂತ ಬರದಾರವ್ವಾ. ಸತ್ತ ಮ್ಯಾಲೂ ಮೂರು ವರ್ಷ ಕೊಡಲಿಲ್ಲ," ಎಂದರು.

ನೌಕರಿಗೆ ಅನುಕೂಲವಾಗಲಿ ಎಂದು ಕಡಿಮೆ ಬರೆದ ಮೂರು ವರ್ಷ. ಬರೆದ ಮಾಸ್ತರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಒಬ್ಬ ಹುಡುಗನ ಒಳ್ಳೆಯದಕ್ಕೆ ಒಂದು ಸುಳ್ಳು ಬರೆದರು. ನಾವು ಆ ಸುಳ್ಳನ್ನು ಸುಳ್ಳೆಂದು ಗೊತ್ತಿದ್ದೂ ಕಾಪಾಡಿದೆವು, ಕೈಯಲ್ಲಿದ್ದ ಔಷಧಿ ಚೆಲ್ಲಿ. ನನ್ನ ಡೈರಿಯ ಪ್ರಕಾರ ಆ ಎರಡು ತಿಂಗಳಲ್ಲಿ ನಮ್ಮ ಒಂದು ಕೇಂದ್ರದಲ್ಲಿ ಚೆಲ್ಲಿದ್ದು ಮೂವತ್ತೆಂಟು ಡೋಸ್. ಲಸಿಕೆ ಹಾಕಿಸಿಕೊಂಡಿದ್ದರೆ ಬದುಕಿರುತ್ತಿದ್ದರೇ ಎಂದು ಕೆಲವರು ಕೇಳುತ್ತಾರೆ. ಗೊತ್ತಿಲ್ಲ. ಅದನ್ನು ತಿಳಿಯುವ ಅವಕಾಶವನ್ನೇ ಚೆಲ್ಲಿದೆವಲ್ಲ, ನನ್ನ ಸಿಟ್ಟು ಅದಕ್ಕೆ.

ಇಷ್ಟಕ್ಕೇ ಮುಗಿಯಲಿಲ್ಲ. ಆ ವರ್ಷದ ಕೊನೆಗೆ ಎಲ್ಲರಿಗೂ ಹಾಕಲೇಬೇಕು, ಒಬ್ಬರೂ ಉಳಿಯಬಾರದು ಎಂದು ಮೇಲಿನಿಂದ ಒತ್ತಡ ಬಂತು. ಹಾಕಿಸಿಕೊಳ್ಳದವರ ಪಟ್ಟಿಯೂ ಬಂತು. ತಲೆಬರಹ: "ಲಸಿಕೆ ನಿರಾಕರಿಸಿದವರು." ಮೂರನೆಯ ಹಾಳೆಯಲ್ಲಿ ಮಾಮನ ಹೆಸರಿತ್ತು. ಪೂರ್ತಿ ಹೆಸರು, ಅಪ್ಪನ ಹೆಸರಿನೊಂದಿಗೆ. ನಮ್ಮ ಕೇಂದ್ರದ ಕಾಗದಗಳಲ್ಲಿ ಅವರ ಹೆಸರು ಬಂದದ್ದು ಅದೇ ಮೊದಲು.

ಹಾಳೆಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಮರಣ ಅಂತ ಹಾಕಿಬಿಡ್ರಿ."

"ಮರಣ ಅಂತ ಹಾಕ್ತೀನಿ ಸರ್. ನಿರಾಕರಿಸಿದ್ರು ಅನ್ನೋದಕ್ಕ ಏನು ಮಾಡ್ಲಿ?"

"ಅದಕ್ಕ ಕಾಲಂ ಇಲ್ಲವ್ವಾ."

ಕಾಲಂ ಇಲ್ಲದಿದ್ದರಿಂದ ಹಾಳೆಯ ಅಂಚಿನಲ್ಲಿ ಬರೆದೆ: "ಇವರು ಮೂರು ಸಲ ಕೇಳಿದ್ದಾರೆ. ನಾವು ಕೊಡಲಿಲ್ಲ." ಕೆಳಗೆ ಮೂರೂ ದಿನಾಂಕ ಹಾಕಿ ಸಹಿ ಮಾಡಿದೆ. ಡಾಕ್ಟರು ಓದಿದರು, ತಡೆಯಲಿಲ್ಲ. ಹಾಳೆ ಮೇಲೆ ಹೋಯಿತು. ಇಂದಿನವರೆಗೆ ಅದರ ಬಗ್ಗೆ ಯಾರೂ ಒಂದು ಮಾತು ಕೇಳಿಲ್ಲ. ನೋಟಿಸ್ ಕೂಡ ಬಂದಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಈಗ ಒಂಬತ್ತು ಗಂಟೆಯಾಗುತ್ತ ಬಂತು. ಫೋನಿನಲ್ಲಿ ಬೆಳಿಗ್ಗೆಯಿಂದ ಜೂನ್ ಒಂದರ ಶುಭಾಶಯಗಳು ಬೀಳುತ್ತಲೇ ಇವೆ. ನನ್ನ ದೊಡ್ಡಪ್ಪನಿಗೆ, ಓಣಿಯ ಅರ್ಧ ಹಿರಿಯರಿಗೆ, ಹಳೆಯ ಮಾಸ್ತರರಿಗೆ. ಮಾಮ ಇದ್ದಿದ್ದರೆ "ನನಗೂ ಇವತ್ತು ಸುಳ್ಳು ಹುಟ್ಟುಹಬ್ಬ" ಎಂದು ನಗುತ್ತಿದ್ದರು. ನಿನ್ನೆಯ ಮಜ್ಜಿಗೆ ಪ್ಯಾಕೆಟ್ಟುಗಳು ಮೇಜಿನ ಮೇಲೆ ಬೆಚ್ಚಗಾಗಿ ಉಬ್ಬಿವೆ.

ಡೈರಿಯಲ್ಲಿ ಅವರಿಗೊಂದು ಪುಟ ಮಾಡಿದ್ದೇನೆ. ಸತ್ತ ದಿನ ಬರೆದಿದೆ, ಹುಟ್ಟಿದ ದಿನದ ಸಾಲು ಖಾಲಿ. ತಂಗಿಗೆ ಗೊತ್ತಿಲ್ಲ, ತಾಯಿ ಇಲ್ಲ. ಅದಕ್ಕೇ ಈ ಬರಹವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಕಲ್ಲೂರಿನ ಆಚೆಯ ಹಳ್ಳಿಗಳವರು, ಎಪ್ಪತ್ನಾಲ್ಕರ ಸುಮಾರಿಗೆ ಹುಟ್ಟಿದವರು, ಒಂಬತ್ತು ವರ್ಷಕ್ಕೆ ಆಡು ಬಿಟ್ಟು ಒಂದನೇ ತರಗತಿಗೆ ಬಂದ, ಕೈ ಗಲ್ಲ ಮುಟ್ಟಿದ ಒಬ್ಬ ದೊಡ್ಡ ಹುಡುಗನ ಪಕ್ಕ ಕುಳಿತವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹುಡುಗ ನಿಜವಾಗಿ ಹುಟ್ಟಿದ್ದು ಯಾವ ತಿಂಗಳು, ಯಾವ ಹಬ್ಬದ ಆಸುಪಾಸು ಎಂದು ತಿಳಿದಿದ್ದರೆ, ದಯವಿಟ್ಟು ಪತ್ರಿಕೆಗೆ ಬರೆಯಿರಿ. ಕಾಗದ ಪತ್ರ ಕೇಳುವುದಿಲ್ಲ. ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತೇನೆ.