ಕುರಿಮಂದೆಯ ಹಿಂದೆ ಬರುವ ಕೊಂಬಿನ ಹುಳು

ತಾಳಗುಂದದ ಹೊರಗಿನ ಮೆಕ್ಕೆಜೋಳದ ಹೊಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೊಬ್ಬರಕ್ಕೆಂದು ರಾತ್ರಿಯಿಡೀ ಅಲ್ಲಿ ತರುಬಿದ್ದ ಮಂದೆಯನ್ನು ಚಿಕ್ಕಬೀರಪ್ಪ ಈಗಷ್ಟೇ ಎಬ್ಬಿಸಿಕೊಂಡು ಹೋಗಿದ್ದಾರೆ. ಅವರ ಹೆಂಡತಿ ಗುತ್ಯಮ್ಮ ಮಾತ್ರ ಕುರಿಹಿಕ್ಕೆಯ ನಡುವೆ ಮಂಡಿಯೂರಿದ್ದಾರೆ. ಕೈಯಲ್ಲಿ ಕುಡುಗೋಲು, ಮಡಿಲಲ್ಲಿ ಖಾಲಿ ಉಪ್ಪಿನಕಾಯಿ ಬಾಟಲಿ. ಹಿಕ್ಕೆಯನ್ನು ಮೆಲ್ಲಗೆ ಸರಿಸಿ, ಕೆಳಗೆ ಹೊಸದಾಗಿ ಕೊರೆದ ತೂತಿದೆಯೇ ಎಂದು ನೋಡುತ್ತಾರೆ. ಮೊದಲ ಮಳೆ ಬಿದ್ದ ಮಾರನೆಯ ಬೆಳಗು ಇದು. ಸಗಣಿ ಹುಳುಗಳು ನೆಲದಿಂದ ಏಳುವ ಹೊತ್ತು.

ಸಮಯ ಮಾತ್ರ ಕಡಿಮೆ. ಹೊಲದ ಒಡೆಯ ಶ್ರೀನಿವಾಸ ಆಗಲೇ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದಾರೆ. ಹದ ಆರುವ ಮೊದಲು ಉಳಬೇಕು.

"ಗುತ್ಯಮ್ಮಾ, ಗಂಡ ಕುರಿ ಎಣಿಸ್ಕಂಡು ಹೋದ, ನೀನು ಹುಳ ಎಣಿಸ್ತಾ ಕುಂತೀಯಾ?"

"ಕುರಿ ತಪ್ಪಿಸ್ಕಂಡ್ರೆ ಹುಡುಕ್ಬೋದಣ್ಣ. ಇದು ತಪ್ಪಿಸ್ಕಂಡ್ರೆ ಮುಂದಿನ ಮಳಿಗಾಲನೇ. ಒಂದು ಬೀಡಿ ಸೇದೋ ತನಕ ತಡಿ."

"ಬೀಡಿ ಬಿಟ್ಟು ವರ್ಷಾತು."

"ಹಂಗಾರೆ ಇವತ್ತೊಂದಿನ ಸೇದು."

ಐವತ್ತು ದಾಟಿದ ಗುತ್ಯಮ್ಮನಿಗೆ ಈ ಹುಚ್ಚು ಹತ್ತಿದ್ದು, ಶಿಕಾರಿಪುರದ ಕಾಲೇಜಿನ ಮಕ್ಕಳು ಊರಿನಲ್ಲಿ ಶಿಬಿರ ಹೂಡಿದ ವರ್ಷ. ಹೊಲಕ್ಕೆ ಗೊಬ್ಬರ ಇಳಿಸುವುದು ಈ ಹುಳುಗಳೇ ಎಂದು ಉಪನ್ಯಾಸಕಿ ನಾಗಶ್ರೀ ತೋರಿಸಿಕೊಟ್ಟರು. "ಹುಟ್ಟಿದಾಗಿಂದ ತುಳ್ಕಂಡೇ ಓಡಾಡಿದ್ದೆ ನೋಡ್ರಿ. ಅವತ್ತಿಂದ ಕಾಲು ನೋಡಿ ಇಡಂಗಾತು" ಎನ್ನುತ್ತಾರೆ. ಈಗ ಅವರ ಮಿಠಾಯಿ ಡಬ್ಬಿಗಳಲ್ಲಿ ಅರವತ್ತು ಬಗೆಯ ಜೀರುಂಡೆ, ಚಿಟ್ಟೆಗಳು ಸೂಜಿಯ ಮೇಲೆ ಕೂತಿವೆ. ಮಂದೆ ಸೊರಬದ ಕಡೆ ಹೋದಾಗ ಹಳ್ಳದ ಒದ್ದೆ ಮರಳಿನಲ್ಲಿ ಸಿಕ್ಕ ಚಿಟ್ಟೆಗಳೇ ಹತ್ತಾರು. ಫೋಟೋ ಕಳಿಸಿದರೆ ನಾಗಶ್ರೀ ಹೆಸರು ಹುಡುಕಿಕೊಡುತ್ತಾರೆ.

ಒಂದಕ್ಕೆ ಮಾತ್ರ ಹೆಸರು ಸಿಗಲಿಲ್ಲ. ಹೋದ ವರ್ಷ ಸಿಕ್ಕ ತಾಮ್ರದ ಹೊಳಪಿನ, ಜೋಡಿ ಕೊಂಬಿನ ಗಂಡು ಹುಳು. ಮಸೂರದಡಿ ಇಟ್ಟೇ ನೋಡಬೇಕು, ಜೋಪಾನವಾಗಿಡಿ ಎಂದರು ನಾಗಶ್ರೀ. ಕುರಿಗಾರರಿಗೆ ಉಣ್ಣೆಗಿಂತ ಜೋಪಾನ ಯಾವುದು? ಗುತ್ಯಮ್ಮ ಹೊಸ ಉಣ್ಣೆ ಹಾಸಿ, ಮೇಲೊಂದು ಕಂಬಳಿ ಚೂರು ಹೊದಿಸಿ ಮಲಗಿಸಿದರು. ಉಣ್ಣೆ ತಿನ್ನುವ ನುಸಿ ಒಣಗಿದ ಹುಳುವನ್ನೂ ಬಿಡುವುದಿಲ್ಲ. ಡಬ್ಬಿ ತೆರೆದಾಗ ಉಳಿದಿದ್ದು ಸೂಜಿ, ಒಂದು ಚಿಟಿಕೆ ಪುಡಿ.

"ಆ ನುಸಿನೂ ಜೀರುಂಡೆ ಜಾತಿನೇ ಅಂತ ಮೇಡಂ ನಕ್ರು. ನಂಗೆ ನಗು ಬರ್ಲಿಲ್ಲ. ಆಮೇಲೆ ಅದನ್ನೂ ಹಿಡಿದು ಡಬ್ಬೀಗೆ ಹಾಕ್ದೆ, ಬಿಡ್ಲಿಲ್ಲ."

ಟ್ರ್ಯಾಕ್ಟರ್ ಗುಡುಗುಟ್ಟುತ್ತದೆ. ಶ್ರೀನಿವಾಸ ಆ ತುದಿಯಿಂದ ಸಾಲು ಹಿಡಿದಿದ್ದಾರೆ. ಗುತ್ಯಮ್ಮ ಉಳಿದ ನೆಲವನ್ನು ತೆವಳುತ್ತಲೇ ಹುಡುಕುತ್ತಾರೆ. ಒಂದು ತೂತಿನ ಬಾಯಲ್ಲಿ ಹಸಿಮಣ್ಣಿನ ಗುಪ್ಪೆ. ಪಕ್ಕದಿಂದ ಕುಡುಗೋಲಿನ ತುದಿಯಲ್ಲಿ ಬಿಡಿಸುತ್ತಾರೆ. ಒಂದು ಗೇಣು ಇಳಿಯುವಷ್ಟರಲ್ಲಿ ತಾಮ್ರ ಮಿನುಗುತ್ತದೆ. ಎರಡು ಕೊಂಬು. ಇನ್ನೂ ಕೆಳಗೆ, ಹಿಕ್ಕೆಯ ಉಂಡೆ ತಬ್ಬಿಕೊಂಡ ಕೊಂಬಿಲ್ಲದ ಹೆಣ್ಣು. ಗುತ್ಯಮ್ಮ ಒಂದು ಕೈಯಲ್ಲಿ ಗಂಡು ಹುಳುವನ್ನು ಬಾಟಲಿಗೆ ಇಳಿಸುತ್ತಾರೆ. ಇನ್ನೊಂದು ಕೈ ಎತ್ತಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ.

ಬೈಯಲೆಂದೇ ಇಳಿದು ಬಂದ ಶ್ರೀನಿವಾಸ ಬಾಟಲಿ ಇಸಿದುಕೊಂಡು ಆಗಷ್ಟೇ ಮೂಡಿದ ಬಿಸಿಲಿಗೆ ಹಿಡಿಯುತ್ತಾರೆ. ಅಲ್ಲಾಡಿಸದೆ ಒಂದು ಸುತ್ತು ತಿರುಗಿಸುತ್ತಾರೆ. "ಕೊಂಬು ನಮ್ಮ ಹಳೇ ಹೋರೀದಂಗೇ ಅದಾವಲ್ಲ. ಆ ಹೆಣ್ಣು ಬ್ಯಾಡ್ವಾ?"

"ಅದು ಬಾಣಂತನಕ್ಕೆ ಮನೆ ಮಾಡ್ಕಂಡೈತೆ. ಗಂಡೊಂದು ಸಾಕು." ಉಂಡೆ ಸಮೇತ ಹೆಣ್ಣನ್ನು ಮಣ್ಣಿನ ಹೆಂಟೆಯೊಂದಿಗೇ ಎತ್ತಿ, ನೇಗಿಲು ತಾಗದ ಬದುವಿನ ಬುಡದಲ್ಲಿ ಹೂಳುತ್ತಾರೆ. ಸುದ್ದಿ ಕೇಳಿದ ನಾಗಶ್ರೀ ಮಧ್ಯಾಹ್ನದ ಬಸ್ಸಿಗೇ ಹೊರಡುತ್ತೇನೆಂದು ಫೋನಿನಲ್ಲಿ ಹೇಳಿದ್ದಾರೆ.

ಹೊಸ ಜಾತಿಯೇ ಆಗಿಬಿಟ್ಟರೆ ಎಂದು ಕೇಳಿದರೆ ಗುತ್ಯಮ್ಮ ಸೆರಗಿನಿಂದ ಬಾಟಲಿ ಒರೆಸುತ್ತಾರೆ.

"ಹೊಸದೇ ಆಗ್ಬೇಕಂತಿಲ್ರೀ. ಯಾರೋ ಎಂದೋ ಇಟ್ಟ ಹೆಸರಿದ್ರೂ ಆತು. ಮಂದೇಲಿ ಒಂದು ಮರಿ ಹುಟ್ಟಿದ್ರೆ ಸಂಜಿಯೊಳಗೆ ಹೆಸರಿಡ್ತೀವಿ. ಇದು ನಾವು ಹೋದಲ್ಲೆಲ್ಲ ನಮ್ ಹಿಂದೇನೇ ದುಡಿತೈತೆ. ಕರೆಯಾಕೆ ಒಂದು ಹೆಸರು ಬ್ಯಾಡ್ವಾ?"