ಕುಣಿಯ ದಂಡೆಯ ಮಾತು

ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿದ್ದ ಬಸವಣ್ಣೆಪ್ಪ ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವ. ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಓಣಿಯಲ್ಲಿ ಯಾರೇ ಸಾಯಲಿ, ಕುಣಿಯ ದಂಡೆಗೆ ನಿಂತು ನಾಲ್ಕು ಮಾತು ಆಡಲಿಕ್ಕೆ ಅವನನ್ನೇ ಕರೆಯುತ್ತಿದ್ದರು. ಸತ್ತವನ ಕೆಟ್ಟದ್ದನ್ನು ಅವನು ಮುಚ್ಚುತ್ತಿರಲಿಲ್ಲ; ಮುಚ್ಚಿದರೆ ಹಿಂದೆ ನಿಂತವರು ಕಿಸಕ್ಕನೆ ನಗುತ್ತಾರೆ. ಮೊದಲು ಅದನ್ನು ಅಂದುಬಿಟ್ಟು, "ಆದರ" ಅಂತ ಒಂದು ಗಳಿಗೆ ತಡೆದು, ಒಳ್ಳೇದನ್ನು ಹೇಳಿ ಬಾಯಿ ಮುಚ್ಚುತ್ತಿದ್ದ. ಮಂದಿ ಮನೆಗೆ ಒಯ್ಯುವುದು ಆ ಕಡೆಯ ಮಾತನ್ನೇ ಅಂತ ಅವನಿಗೆ ಗೊತ್ತಿತ್ತು.

ಬೀದರ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಮ್ಮ ಓಂಪ್ರಕಾಶ ಬೀದರದ ದವಾಖಾನೆಯಲ್ಲಿ ತೀರಿಕೊಂಡ. ಕುಡಿದು ಕುಡಿದು ಲಿವರ್ ಹೋಗಿತ್ತು. ಅಣ್ಣತಮ್ಮರ ಮಾತು ನಿಂತು ವರ್ಷಗಳೇ ಆಗಿದ್ದವು. ಅವ್ವ ಸತ್ತ ದಿನ ತಮ್ಮ ದಾರೂ ಅಂಗಡಿಯಲ್ಲಿ ಬಿದ್ದಿದ್ದ, ಮಣ್ಣಿಗೆ ಬಂದಿರಲಿಲ್ಲ.

ಹೆಣ ಭಾಲ್ಕಿಗೆ ಬಂತು. ತಮ್ಮನ ಹೆಂಡತಿ ಶಾಂತಾಬಾಯಿ ಬಸವಣ್ಣೆಪ್ಪನನ್ನು ಹಿತ್ತಲಿಗೆ ಕರೆದಳು. ಔರಾದದಿಂದ ಅವಳ ಅಣ್ಣಂದಿರು ಬಂದಿದ್ದರು. ಕುಡುಕನ ಹೆಂಡತಿ ಅಂತ ಮೊದಲಿಂದಲೂ ಚುಚ್ಚುವವರು. ಇನ್ನು ಮೇಲೆ ಅವಳು ಅವರ ಮನೆಯಲ್ಲೇ ಬಾಳಬೇಕು.

"ಕುಡೀತಿದ್ದರು ಅಂಬೋದು ಮುಚ್ಚಬ್ಯಾಡ್ರಿ ಭಾವ, ಎಲ್ಲಾರಿಗೂ ಗೊತ್ತದ," ಅಂದಳು. "ಆದರ ಅದನ್ನ ಕಡೀಕ ಇಡಬ್ಯಾಡ್ರಿ."

ಅವನು ಗೋಣು ಹಾಕಿದ.

ಕುಣಿಯಲ್ಲಿ ತಮ್ಮನನ್ನು ಕೂಡಿಸಿ ಸ್ವಾಮಿಗಳು ವಿಭೂತಿ ಹಚ್ಚಿದರು. ಬಸವಣ್ಣೆಪ್ಪ ಮುಂದೆ ಬಂದ.

"ನಮ್ಮ ಓಂಪ್ರಕಾಶ ಕುಡೀತಿದ್ದ. ಆದರ ಯಾರ ಮನ್ಯಾಗ ಕಷ್ಟ ಬಂದ್ರೂ ಕೈಯಾಗಿನ ಕೆಲಸ ಬಿಟ್ಟು ಓಡೋಡಿ ಹೋಗ್ತಿದ್ದ."

ಔರಾದದವರು ತಲೆ ತಗ್ಗಿಸಿದರು. ಶಾಂತಾಬಾಯಿ ಸಮಾಧಾನದ ಉಸಿರು ಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಓಡೋಡಿ ಅಂದ ಕೂಡಲೇ ಅವನ ಕಣ್ಣಿಗೆ ಅವ್ವನ ಮುಖ ಬಂತು, ಬಾಗಿಲ ಕಡೆಗೇ ನೋಡುತ್ತ ಜೀವ ಬಿಟ್ಟ ಮುಖ.

"ಆದರ ಹಡೆದವ್ವ ಸತ್ತಾಗ ಬರಲಿಲ್ಲ."

ಆಡಿದ್ದರ ಮೇಲೆ ಇನ್ನೇನಾದರೂ ಹೊದಿಸಬೇಕು ಅಂತ ಅವನು ಮತ್ತೆ ಬಾಯಿ ತೆರೆಯುವುದರೊಳಗೆ ಮಂದಿ ಪತ್ರಿ ಎಸೆದು ಮಣ್ಣು ಎಳೆಯತೊಡಗಿದ್ದರು.

ಮೂರನೇ ದಿನ ಮುಗಿದ ಮೇಲೆ ಶಾಂತಾಬಾಯಿ ಔರಾದದ ಜೀಪು ಹತ್ತಿದಳು. ಕುಡಿತದ ಸುದ್ದಿಯನ್ನು ಅವಳ ಅಣ್ಣಂದಿರು ಎತ್ತಲೇ ಇಲ್ಲ. ತಾಯಿಗೇ ಆಗದವ ಹೆಂಡತಿಗೆ ಏನು ಆದಾನು ಅಂತ ದೊಡ್ಡವನು ಅವಳಿಗೆ ಕೇಳುವ ಹಾಗೆ ಅಂದ. ಬಸವಣ್ಣೆಪ್ಪ ಜೀಪಿನ ಹತ್ತಿರ ಹೋಗಿ, ಸಿಟ್ಟಿನಲ್ಲಿ ಬಾಯಿ ಜಾರಿತು ಅಂದ.

ಅವಳು ಸೆರಗು ಎಳೆದುಕೊಂಡಳು. "ಸುಳ್ಳಂತೂ ಹೇಳಿಲ್ಲ ಬಿಡ್ರಿ."

ಆಮೇಲೆ ಓಣಿಯಲ್ಲಿ ಸಾವುಗಳಾದವು. ಬಸವಣ್ಣೆಪ್ಪ ಅಂಗಡಿ ಮುಚ್ಚಿ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತಿದ್ದ. ಮಾತಾಡು ಬಾ ಅಂತ ಯಾರೂ ಅನ್ನಲಿಲ್ಲ.