ಅಕ್ಕನ ಮನೆಯ ಕಂಬ

ಕಾಂಕ್ರೀಟಿನ ಒಂದು ಮಗ್ಗುಲಲ್ಲಿ ಶಬ್ದ ಬಿಟ್ಟು, ಇನ್ನೊಂದು ಮಗ್ಗುಲಿಗೆ ಬರಲು ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವುದು ನನ್ನ ಹೊಟ್ಟೆಪಾಡು. ಬೀದರಿನಿಂದ ಅದನ್ನು ಅಳೆಯುವ ಯಂತ್ರದ ಡಬ್ಬಿ ಹೊತ್ತು ಔರಾದಿನ ಸೇತುವೆಗಳವರೆಗೆ ತಿರುಗಿದ್ದೇನೆ. ಒಳಗೆ ಗಟ್ಟಿಯಿದ್ದರೆ ಶಬ್ದ ನೆಟ್ಟಗೆ ಓಡಿ ಬೇಗ ಮುಟ್ಟುತ್ತದೆ. ಪೊಳ್ಳಿದ್ದರೆ, ಬಿರುಕಿದ್ದರೆ ಸುತ್ತಿ ಬಳಸಿ ತಡವಾಗಿ ಬರುತ್ತದೆ. ಆ ತಡಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಅಕ್ಕನ ಮನೆ ಭಾಲ್ಕಿಯಲ್ಲಿ. ಭಾವ ಹೋದ ವರ್ಷ ಅದರ ಮೇಲೊಂದು ಅಂತಸ್ತು ಎಬ್ಬಿಸಿದರು. ಒಂದು ಭಾನುವಾರ ಊಟಕ್ಕೆ ಹೋದಾಗ ಅಕ್ಕ ನಡುಮನೆಯ ಕಂಬದ ಗಿಲಾವು ಉದುರಿದ್ದನ್ನು ತೋರಿಸಿ, "ಸುಮ್ಮ ಒಮ್ಮಿ ನೋಡೋ," ಅಂದಳು. ಡಬ್ಬಿ ಗಾಡಿಯಲ್ಲೇ ಇತ್ತು. ಯಂತ್ರದ ಬಿಲ್ಲೆಗಳು ಕಂಬಕ್ಕೆ ಸಂದಿಲ್ಲದೆ ಕೂರಲು ಹಚ್ಚುವ ಗ್ರೀಸು ತಂದಿರಲಿಲ್ಲ. ತನ್ನ ಹಿಮ್ಮಡಿಗೆ ಹಚ್ಚುವ ವ್ಯಾಸಲಿನ್ ಕೊಟ್ಟಳು. ಒಂಬತ್ತು ಇಂಚಿನ ಕಂಬ. ಶಬ್ದ ಐವತ್ತೈದು ಮೈಕ್ರೋಸೆಕೆಂಡಿನಲ್ಲಿ ದಾಟಬೇಕು. ಎಪ್ಪತ್ತೆಂಟು ತೋರಿಸಿತು. ಜಾಗ ಒರೆಸಿ ಮತ್ತೆ ಹಿಡಿದೆ. ಎಪ್ಪತ್ತೆಂಟೇ.

"ಭಾವ, ಇವತ್ತೇ ಇದಕ್ಕ ಕಬ್ಬಿಣದ ಆಸರ ಕೊಡಬೇಕ್ರಿ," ಅಂದೆ.

"ಹುಚ್ಚ ಹಿಡದದೇನು ನಿನಗ? ನಡುಮನ್ಯಾಗ ಕೋಲ ನಿಲ್ಲಿಸಿದ್ರ ಬಂದ ಮಂದಿ ಏನಂತಾರ? ನಾನೇ ಖುದ್ದ ನಿಂತು ಕಟ್ಟಿಸೀನಿ. ಸೆಕೆಂಡಿಗಿ ಹತ್ತ ಲಕ್ಷ ಚೂರ ಮಾಡಿ ನನಗ ಅಂಜಸ್ತಿ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಮೈಯೆಲ್ಲ ಉರಿಯಿತು. ಅಕ್ಕನ ಗಂಡನೆಂದು ನುಂಗಿಕೊಂಡೆ.

ಆಮೇಲೆ ಭಾನುವಾರ ಬಂತೆಂದರೆ ಅಕ್ಕನ ಫೋನು. "ಅವ್ರು ಹೊರಗ ಹೋಗ್ಯಾರ, ಲಗೂ ಬಾ." ಒಂದು ವಾರ ಎಂಬತ್ತಮೂರು. ಇನ್ನೊಂದು ವಾರ ತೊಂಬತ್ತು. "ಕಮ್ಮಿ ಆಯ್ತೇನೋ?" ಎಂದು ಜ್ವರ ಬಂದ ಕೂಸಿನ ತಾಯಿಯ ಹಾಗೆ ಕೇಳುವಳು. ಕಂಬ ಗುಳಿಗೆಯಿಂದ ವಾಸಿಯಾಗುವುದಿಲ್ಲ ಎಂದು ಬೈದು ಬರುತ್ತಿದ್ದೆ. ದಾರಿಯುದ್ದಕ್ಕೂ ಭಯವಾಗುತ್ತಿತ್ತು.

ಕಳೆದ ಭಾನುವಾರ ಡಬ್ಬಿಯ ಮೇಲೆ ಅಂಕಿಯೇ ಮೂಡಲಿಲ್ಲ. ವಯರು ಬದಲಿಸಿದೆ. ಪಕ್ಕದ ಕಂಬಕ್ಕೆ ಹಿಡಿದು ನೋಡಿದೆ, ತಟ್ಟನೆ ಐವತ್ತಾರು ಬಂತು. ಮತ್ತೆ ಇದಕ್ಕೇ ಹಿಡಿದೆ. ಈಚೆ ಹೊಕ್ಕ ಶಬ್ದ ಆಚೆ ಬರಲೇ ಇಲ್ಲ.

"ಹೊರಗ ನಡಿ, ಹೊರಗ ನಡಿ!" ಎಂದು ಅರಚಿ, ಅಕ್ಕನ ರಟ್ಟೆ ಹಿಡಿದು ಬೀದಿಗೆ ಎಳೆದು ತಂದೆ. ಅಷ್ಟರಲ್ಲಿ ಭಾವ ಬಂದರು. ಕಂಬ ಒಳಗೇ ಸೀಳಿದೆ ಎಂದು ಹೇಳಿದೆ, ಕೈ ಮುಗಿದೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಂಬವನ್ನು ಅಂಗೈಯಿಂದ ಎರಡು ಸಲ ಬಡಿದು, "ನಿಂತದ ನೋಡು," ಅಂದರು. ಅದಕ್ಕೇ ಬೆನ್ನು ಹಚ್ಚಿ ಕೂತು ಚಹಾ ಕೇಳಿದರು.

ನಾನು ಅಕ್ಕನ ಕೈ ಬಿಡಲಿಲ್ಲ. "ಬೀದರಿಗಿ ನಡಿ ಅಕ್ಕ. ನಿನ್ನ ಕಾಲ ಬೀಳ್ತೀನಿ."

ಅಕ್ಕ ಅಳುತ್ತ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಅವ್ರಿಗೊಬ್ರಿಗೇ ಹ್ಯಾಂಗ ಬಿಟ್ಟ ಬರ್ಲೋ?" ಅಂದು, ಚಹಾ ಇಡಲು ಒಳಗೆ ಹೋದಳು.